ಕೂಲರ್ ತಗ್ಸಿ ಮನಿ ತೋರ್ಸಿದ್ ದಿನ

ಹೋದ ವರ್ಷ ಬ್ಯಾಸಿಗಿ ಸುರುವಿಗೆ ನಮ್ಮ ಕಲಬುರಗಿ ಮನಿ ಮಾರೋದಂತ ಆಯ್ತು. ಅಪ್ಪ ತೀರ್ಕೊಂಡು ಮೂರು ವರ್ಷ ಆಗಿತ್ತು, ಅವ್ವ ಒಬ್ಬಾಕಿನೇ ಇರ್ತಿದ್ಲು, ನಂದು ಸೊಲ್ಲಾಪುರದಾಗ ನೌಕ್ರಿ, ಅಕ್ಕ ಬೆಂಗಳೂರಾಗ, ಅವ್ವಗ ಮಣಕಾಲ ನೋವು ಬ್ಯಾರೆ, ರಾತ್ರಿ ಬಚ್ಚಲಕ್ಕ ಹೋಗಿ ಜಾರಿ ಬಿದ್ರ ಯಾರು ನೋಡ್ಬೇಕು ಅಂತ ಎಲ್ಲಾರೂ ಕೂಡಿ ತೀರ್ಮಾನ ಮಾಡಿದ್ವಿ. ಎಲ್ಲಾರೂ ಅಂದ್ರ ನಾನು ಅಕ್ಕ ಮಾತಾಡಿದ್ವಿ, ಅವ್ವ ಮೊರದಾಗ ತೊಗರಿ ಬ್ಯಾಳಿ ಹಸನ ಮಾಡ್ಕೊತ ಕುಂತಿದ್ಲು.

ಮನಿ ಸೇಡಂ ರೋಡ್ ಕಡಿ, 30-40 ಸೈಟು, ಪೂರ್ವಕ್ಕ ಬಾಗ್ಲ. 1988ರಾಗ ಅಪ್ಪ ಕಟ್ಸಿದ್ದು, ಆವಾಗ ಅವ ಗಂಜ್ ಬಜಾರದಾಗ ಒಂದು ದಾಲ್ ಮಿಲ್‌ದಾಗ ಲೆಕ್ಕ ಬರೀತಿದ್ದ. ನೆಲಕ್ಕ ಶಹಾಬಾದಿ ಪರಸಿ, ಈಗಿನವ್ರು ಹಾಕೋ ಬಿಳಿ ಟೈಲ್ಸ್ ಅಲ್ಲ, ಅದೇ ನೀಲಿ ಬೂದಿ ಬಣ್ಣದ ಕಲ್ಲು. ಹಿಂದಿನ ಖೋಲಿ ಮಾತ್ರ ಆಮ್ಯಾಲ 1996ರಾಗ ಕೂಡಿಸಿದ್ದು, ಆ ಖೋಲಿ ಕತಿ ಮುಂದ ಬರ್ತದ.

ಮೊದ್ಲು ಒಬ್ಬ ದಲಾಲಿಗೆ ಹೇಳಿದ್ವಿ. ಎರಡು ತಿಂಗಳಾಗ ಮೂರು ಮಂದಿನ ಕರ್ಕೊಂಡು ಬಂದ. ಅವ ಮೊಬೈಲ್‌ದಾಗ ಹೊಡ್ದು ಹಾಕಿದ್ ಫೋಟೋ ನೋಡಿದ್ರ ನಮಗೇ ನಾಚ್ಕಿ ಬರ್ಬೇಕು, ಒಂದರಾಗ ಅವ್ವನ ಸೀರಿ ಒಣಗಾಕ ಹಾಕಿದ್ದು, ಇನ್ನೊಂದರಾಗ ಅವನ ಸ್ಕೂಟರ್‌ದೇ ಅರ್ಧ ಮೂತಿ, ಮನಿ ಎಲ್ಲಿ ಅಂತ ಹುಡುಕ್ಬೇಕು.

ಆವಾಗ ಅಕ್ಕ ಅಂದ್ಲು, ನನ್ನ ಮಗಳಿಗೇ ಕಳಿಸ್ತೀನಿ ತಡಿ. ಆ ಹುಡುಗಿ ಬೆಂಗಳೂರಾಗ ಇಂಟೀರಿಯರ್ ಕೋರ್ಸ್ ಮಾಡಿ ಈಗ ಹೋಮ್ ಸ್ಟೇಜಿಂಗ್ ಕೆಲಸ ಮಾಡ್ತಾಳ. ಅಂದ್ರ ಮಾರೋ ಮನಿಗೆ ಸಿಂಗಾರ ಮಾಡೋದು, ಬ್ಯಾಡಾದ್ ಸಾಮಾನು ತಗ್ಸೋದು, ತಿಳಿ ಬಣ್ಣ ಹೊಡ್ಸೋದು, ಸೋಫಾ ಎಲ್ಲಿಡ್ಬೇಕು ದೀಪ ಎಲ್ಲಿ ಹಚ್ಬೇಕು ನೋಡೋದು, ಬೇಕಾದ್ರ ಫರ್ನಿಚರ್ ಕಿರಾಯಿ ತಂದು ಇಟ್ಟು ಚಂದ ಫೋಟೋ ತಗ್ದು ಮನಿ ಮಾರಿದ್ಮ್ಯಾಲ ವಾಪಸ್ ಒಯ್ಯೋದು. ಇದಕ್ಕೂ ಪಗಾರ ಕೊಡ್ತಾರ ಅಂತ ನಂಗ ಗೊತ್ತೇ ಇರ್ಲಿಲ್ಲ.

ಮುಂಜಾನಿ ಉದ್ಯಾನ್ ರೈಲ್ ಗಾಡಿಗೆ ಇಳಿದಾಕಿ ಚಾ ಕುಡ್ಕೊತ ನಮಗೆಲ್ಲಾ ಪಾಠ ಸುರು ಮಾಡಿದ್ಲು. ಈ ಕೆಲಸ ಹುಟ್ಟಿದ್ದೇ ಅಮೆರಿಕಾದಾಗ ಅಂತ, 1972ರಾಗ ಸಿಯಾಟಲ್ ಕಡಿ ಬಾರ್ಬ್ ಶ್ವಾರ್ಟ್ಜ್ ಅನ್ನೋ ಹೆಣ್ಮಗಳು ಸುರು ಮಾಡಿದ್ಲಂತ, ಅಕಿಗೆ ನಾಟಕದ ರೂಢಿ ಇತ್ತಂತ, ಸ್ಟೇಜ್ ಸಜ್ಜು ಮಾಡಿದಂಗ ಮನಿ ಸಜ್ಜು ಮಾಡ್ಬೇಕು ಅಂತಿದ್ಲಂತ. ಅವ್ವ ಎಲ್ಲಾ ಕೇಳಿ "ಅಂದ್ರ ನಾಟಕ ಅನ್ನು" ಅಂದು ಕಪ್ಪು ಬಸಿ ತಗೊಂಡು ಒಳಗ ಹೋದ್ಲು.

ನಾಕು ದಿನ ಬರೇ ಖಾಲಿ ಮಾಡೋದ್ರಾಗೇ ಹೋಯ್ತು. ಹುಡುಗಿ ಹೇಳೋದು ಏನಂದ್ರ ಪ್ರತಿ ಅಲಮಾರ್‍ಯಾಗ ಅರ್ಧ ಖಾಲಿ ಇರ್ಬೇಕು, ಯಾಕಂದ್ರ ತಗೊಳ್ಳೋರು ಬಾಗ್ಲ ತಗ್ದು ನೋಡ್ತಾರ, ತುಂಬಿದ್ದು ನೋಡಿದ್ರ ಈ ಮನ್ಯಾಗ ಜಾಗಾನೇ ಇಲ್ಲ ಅನಸ್ತದ. ಸಜ್ಜಾದ ಮ್ಯಾಲಿಂದ ಇಳಿದಿದ್ದು ಕೇಳ್ರಿ, ಹನ್ನೊಂದು ಕೌದಿ, ಎರಡು ಬತ್ತಿ ಸ್ಟೋ, ತಳ ಇಲ್ಲದ ಹಿತ್ತಾಳಿ ಕೊಡ, ನಾನು ಮೂರ್ನೇತ್ತಾದಾಗ ಮುರದ ಪಾಟಿ, ಅಪ್ಪನ ಕೆಂಪು ಬಟ್ಟಿ ಕಟ್ಟಿದ್ ಲೆಕ್ಕದ ವಹಿ ಒಂದು ಗಂಟು. ವಹಿ ತಗ್ದು ನೋಡಿದ್ರ ಮನಿ ಕಟ್ಸಿದ್ ಲೆಕ್ಕಾನೂ ಅದರಾಗೇ ಇತ್ತು, ಪರಸಿಗಿ ಎಷ್ಟು ಮರಳಿಗೆ ಎಷ್ಟು ಗೌಂಡಿಗೆ ಎಷ್ಟು ಅಂತ, ಗೌಂಡಿಗೆ ಕೊಟ್ಟ ಚಾ ಖರ್ಚೂ ಬರ್ದಿದ್ದ ಪುಣ್ಯಾತ್ಮ. ನಾನು ಅದು ಓದ್ಕೊತ ಕುಂತೆ, ಹುಡುಗಿ ಬಂದು "ಮಾಮಾ, ಓದೋದಾದ್ರ ಮನಿ ಮಾರೋದು ದೀಪಾವಳಿಗೆ" ಅಂದ್ಲು.

ಅಪ್ಪನ ಫೋಟೋ ವಿಷಯಕ್ಕ ಜಗಳ ಆಗ್ತದ ಅಂತ ನಾನು ಅಂಜ್ಕೊಂಡಿದ್ದೆ. ಮನಿಯವ್ರ ಫೋಟೋ ಒಂದೂ ಗ್ವಾಡಿ ಮ್ಯಾಲ ಇರಬಾರದು ಅನ್ನೋದು ಈ ಸ್ಟೇಜಿಂಗ್‌ದಾಗ ದೊಡ್ಡ ನಿಯಮ, ನೋಡಾಕ ಬಂದೋರಿಗೆ ಇದು ಬ್ಯಾರೇಯವ್ರ ಮನಿ ಅನ್ನಿಸಬಾರದು. ಅದನ್ನ ಅವ್ವಗ ಯಾರು ಹೇಳೋರು ಅಂತ ನಾವಿಬ್ರೂ ಮಾರಿ ಮಾರಿ ನೋಡ್ಕೊಂಡು ನಿಂತಿದ್ರ, ಅವ್ವ ತಾನೇ ಸ್ಟೂಲ್ ತಂದು "ಹಾರ ಹಾಕಿದ್ ಫೋಟೋ ನೋಡಿದ್ರ ಇದೇ ಮನ್ಯಾಗ ಸತ್ತಾನೇನ್ರಿ ಅಂತ ಕೇಳ್ತಾರ, ತಗಿ" ಅಂದ್ಲು. ಆದ್ರ ದೇವ್ರ ಜಗಲಿ ಮಾತ್ರ ಮುಟ್ಟಗೊಡ್ಲಿಲ್ಲ. ನಮ್ಮೂರ ದೇವ್ರು ಶರಣಬಸಪ್ಪನ ಫೋಟೋ ತಗ್ದು ಇಟ್ರ ಕಲಬುರಗ್ಯಾಗ ಯಾರು ಮನಿ ತಗೋತಾರ ಅಂತ ಅಕಿ ಕೇಳಿದ್ದಕ್ಕ ಹುಡುಗಿ ಕಡಿ ಜವಾಬೇ ಇರ್ಲಿಲ್ಲ.

ಬೆಂಗಳೂರಾಗ ಕುಂಡದ ಗಿಡ, ಸೋಫಾ, ಲ್ಯಾಂಪು ಎಲ್ಲಾ ಕಿರಾಯಿ ಸಿಗ್ತಾವಂತ. ಇಲ್ಲಿ ಕೇಳಿದ್ರ ಎಲ್ಲಾರೂ ಟೆಂಟ್ ಹೌಸ್ ಕಡಿ ಬೆರಳು ತೋರ್ಸಿದ್ರು. ಟೆಂಟ್ ಹೌಸಿನವ "ಲಗ್ನ ಯಾವಾಗ್ರಿ?" ಅಂದ, ಲಗ್ನ ಇಲ್ಲ ಮನಿ ಮಾರೋದದ ಅಂದ್ರ ನಂಬಲೇ ಇಲ್ಲ, ಕೊನಿಗಿ ಬಂಗಾರ ಬಣ್ಣದ ಎರಡು ಕುರ್ಚಿ ಕಳಿಸಿದ, ಹುಡುಗಿ ನೋಡಿ ಅಲ್ಲಿಂದಲ್ಲೇ ವಾಪಸ್ ಕಳಿಸಿದ್ಲು. ಹಳೇ ಸೋಫಾಕ್ಕೇ ಬಿಳಿ ಕವರ್ ಹೊಲ್ಸಿದ್ವಿ. ಬಣ್ಣಕ್ಕ ಮಜೂರಿ ಸಮೇತ 41 ಸಾವಿರ ಹೋಯ್ತು. ನಳದ ಬಾಯಿಗೆ ಬೋರಿನ ನೀರಿಂದು ಬಿಳೇ ಪದರ ಕಟ್ಟಿತ್ತು, ನಮ್ಮ ಕಡಿ ಸುಣ್ಣಕಲ್ಲಿನ ನೆಲ ನೀರು ಗಡಸು ಇರೋದೇ, ಅದಕ್ಕ ನಿಂಬಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ನನ್ನ ಬೆರಳೆಲ್ಲಾ ಉರೀತಿದ್ವು.

ಹಿಂದಿನ ಖೋಲಿ ಬಿರುಕಿನ ಮಾತು ಇಲ್ಲೇ ಬಂತು. ನಮ್ಮದು ಎರಿ ಮಣ್ಣು, ಮಳಿ ಬಿದ್ರ ಉಬ್ತದ, ಬ್ಯಾಸಿಗ್ಯಾಗ ಒಣಗಿ ಬಾಯಿ ಬಿಡ್ತದ. ಅಪ್ಪ ಮೊದ್ಲಿನ ಮನಿಗೆ ಐದು ಫೂಟ್ ಅಗ್ಸಿ ಗರಸು ಹತ್ತಿದ್ ಮ್ಯಾಲೇ ಬುನಾದಿ ಹಾಕ್ಸಿದ್ದ, ಹಿಂದಿನ ಖೋಲಿಗೆ ರೊಕ್ಕ ಸಾಲ್ಲಾರದ ಎರಡೂವರಿ ಫೂಟ್‌ಗೇ ಮುಗಿಸಿದ. ಹಳೇ ಗ್ವಾಡಿ ಅಲ್ಲಾಡಂಗಿಲ್ಲ, ಹೊಸಾದು ಮಣ್ಣಿನ ಕೂಡ ಏರ್ತದ ಇಳೀತದ, ಎರಡೂ ಕೂಡೋ ಜಾಗಾದಾಗ ಉದ್ದಕ್ಕ ಒಂದು ಬಿರುಕು. ಪೇಂಟರ್ ಪುಟ್ಟಿ ತುಂಬಿ ಬಿಡ್ಲೇನ್ರಿ ಅಂದ. ಹುಡುಗಿ ಸುತಾರಾಂ ಬ್ಯಾಡ ಅಂದ್ಲು, ಸಿಂಗಾರ ಮಾಡೋದು ನಮ್ಮ ಕೆಲಸ, ಕೊರತಿ ಮುಚ್ಚೋದಲ್ಲ ಮಾಮಾ ಅಂತ. ಅಕಿ ಬಜಾರಕ್ಕ ಹೋದಾಗ ನಾನು ಪೇಂಟರ್‌ಗೆ 300 ರೂಪಾಯಿ ಬ್ಯಾರೆ ಕೊಟ್ಟು ತುಂಬ್ಸಿದೆ. ಹೌದು, ಇದನ್ನ ನಾನೇ ಮಾಡ್ದೆ.

ಫೋಟೋ ಮಾತ್ರ ಒಪ್ಬೇಕು. ಅದೇ ಮನಿ, ಅದೇ ಹಾಲ್, ಆದ್ರ ಯಾವ್ದೋ ಹೋಟೆಲಿನಂಗ ಕಾಣ್ತಿತ್ತು. ಹಾಕಿದ್ ಎರಡೇ ದಿನಕ್ಕ ಹದಿನಾಲ್ಕು ಫೋನ್ ಬಂದ್ವು. ದಲಾಲಿನೂ ಫೋನ್ ಮಾಡಿ "ಇದು ನಿಮ್ಮದೇ ಮನಿ ಏನ್ರಿ ಸಾಹೇಬ್ರ?" ಅಂದ.

ಈಗ ಆ ಐತ್ವಾರದ್ದು ಹೇಳ್ತೀನಿ. ಮೇ ತಿಂಗಳು, ಹಿಂದಿನ ದಿನಾನೇ 42 ಡಿಗ್ರಿ ಮುಟ್ಟಿತ್ತು. ಹಾಲ್‌ನ ಕಿಟಕಿಗೆ ಅಪ್ಪ ಮಾಡ್ಸಿದ್ ಕೂಲರ್ ಇತ್ತು, ತಗಡಿಂದು, ಜಂಗು ಹಿಡದದ್ದು, ಅರ್ಧ ಕಿಟಕಿ ಅದೇ ನುಂಗಿತ್ತು. ಹುಡುಗಿ ಶನಿವಾರನೇ ಅದನ್ನ ತಗ್ಸಿ ಹಿತ್ತಲಕ್ಕ ಹಾಕ್ಸಿದ್ಲು. ಬೆಳಕು ಬರ್ಬೇಕು ಮಾಮಾ, ಬೆಳಕೇ ಮನಿ ಮಾರೋದು ಅಂತ ಅಕಿ ಮಂತ್ರ. ಮುಂಜಾನಿಂದ ಎಲ್ಲಾ ಕಿಟಕಿ ಹಾರು ಹೊಡ್ದು ತಗ್ದು, ತೆಳ್ಳನ ಬಿಳಿ ಪರದಿ ಇಳಿಬಿಟ್ಟು, ಅಷ್ಟು ಬಿಸಲಿದ್ರೂ ಎಲ್ಲಾ ಲೈಟ್ ಹಚ್ಚಿ ಕುಂತ್ವಿ. ಅವ್ವ ಎರಡು ಸಲ ಕಿಟಕಿ ಹಾಕಾಕ ಹೋದ್ಲು, ಎರಡು ಸಲಾನೂ ಹುಡುಗಿ ಮತ್ತ ತಗ್ದ್ಲು.

ಹತ್ತಕ್ಕ ಬರ್ತೀವಿ ಅಂದೋರು ಹನ್ನೊಂದೂವರಿಗಿ ಬಂದ್ರು. ಗಂಡ ಹೆಂಡ್ತಿ ಹೈದರಾಬಾದ್‌ದಾಗ ಸಾಫ್ಟ್‌ವೇರ್, ತಂದಿ ತಾಯಿಗಿ ಇಲ್ಲಿ ಮನಿ ತಗೊಳ್ಳಾಕ ಬಂದವ್ರು, ಜೋಡಿ ಒಂದು ಕೂಸು. ಹೆಣ್ಮಗಳು "ಫೋಟೋದಾಗ ನೋಡಿದಂಗೇ ಅದ" ಅಂತ ಖುಷಿಲೇ ಒಳಗ ಬಂದ್ಲು. ಕುಂತ್ರು. ಫ್ಯಾನ್ ಮ್ಯಾಲಿಂದ ಬಿಸಿ ಗಾಳಿನೇ ತಿರಿವಿ ತಿರಿವಿ ಕೊಡ್ತಿತ್ತು. ಕೂಸು ಅಳಾಕ ಹತ್ತು. ಹಿರಿಯಾರು ಟವೆಲ್ಲಿಲೇ ಕುತಿಗಿ ಒರಸ್ಕೊತ ಒರಸ್ಕೊತ ಗ್ವಾಡಿ ನೋಡಲೇ ಇಲ್ಲ, ಬಾಗ್ಲ ನೋಡ್ತಿದ್ರು, ಹ್ವಾದ್ರ ಸಾಕು ಅನ್ನಂಗ. ಹುಡುಗಿ ಕಾಫಿ ವಾಸನಿಂದು ಏನೋ ಹಚ್ಚಿಟ್ಟಿದ್ಲು, ಆ ಸೆಕಿಗೆ ಕಾಫಿ ವಾಸನಿ ಬಂದ್ರ ಹೆಂಗಿರ್ತದ ನೀವೇ ಹೇಳ್ರಿ. ಹತ್ತು ನಿಮಿಷಕ್ಕ "ಭಾಳ ಚಂದ ಅದ್ರಿ, ತಿಳಿಸ್ತೀವಿ" ಅಂತ ಎದ್ರು. ಗೇಟಿನ ಕಡಿ ಹೋದಾಗ ಹಿರಿಯಾರು ಮಗನಿಗಿ ಅಂದಿದ್ದು ನಂಗ ಕೇಳ್ತು, "ಮನಿ ಭಾಳ ಕಾಸ್ತದ ನೋಡು."

ನಮ್ಮ ಮನಿ ಕಾಸ್ತದ ಅಂತ ಈ ಮೂವತ್ತೈದು ವರ್ಷದಾಗ ಯಾರೂ ಅಂದಿರ್ಲಿಲ್ಲ. ಅವ್ವಗ ಅದು ಎಷ್ಟು ಹತ್ತಿತು ಅಂದ್ರ ಮಧ್ಯಾಹ್ನ ರೊಟ್ಟಿ ಸಮೇತ ಉಣ್ಲಿಲ್ಲ.

ರಾತ್ರಿ ಕರೆಂಟ್ ಹೋದಾಗ ಹುಡುಗಿ ದಿಂಬಿಲ್ಲದ ಪರಸಿ ಮ್ಯಾಲ ಮಲ್ಕೊಂಡು "ಆಯಿ, ಇಷ್ಟು ದಿನ ಹೆಂಗ ಇದ್ದಿ ಇಲ್ಲಿ?" ಅಂತ ಕೇಳಿದ್ಲು. ಅವ್ವ ಹೇಳಿದ್ಲು, ಮುಂಜಾನಿ ಎಂಟಕ್ಕ ಕಿಟಕಿ ಬಾಗ್ಲ ಎಲ್ಲಾ ಹಾಕ್ಬೇಕು, ಪರದಿ ದಪ್ಪಂದಿರ್ಬೇಕು, ಮನಿ ಕತ್ತಲ ಇರ್ಬೇಕು, ಸಂಜಿ ಆರಕ್ಕ ತಗೀಬೇಕು, ಮಾಳಗಿಗೆ ನೀರು ಹೊಡೀಬೇಕು. ನಿಮ್ಮಜ್ಜ ವರ್ಷಾ ಯುಗಾದಿಗಿಂತ ಮೊದ್ಲು ಮಾಳಗಿಗೆ ಸುಣ್ಣ ಬಳೀತಿದ್ದ, ಈ ವರ್ಷ ಯಾರೂ ಬಳೀಲಿಲ್ಲ. ಕೂಲರಿಗಿ ಲಾವಂಚದ ಬೇರಿನ ಖಸ್ ಹಾಕ್ತಿದ್ದ. ಹುಡುಗಿ ಭಾಳ ಹೊತ್ತು ಸುಮ್ನಿದ್ದು ಆಮ್ಯಾಲ ಅಂದ್ಲು, "ನಮಗ ಕಲ್ಸಿದ್ದು ಎಲ್ಲಾ ಥಂಡಿ ದೇಶದವ್ರು ಬರ್ದಿದ್ದು ಆಯಿ, ಅವ್ರಿಗೆ ಬಿಸಲು ಬೇಕು." ನಂಗ ಅನಿಸ್ತದ ಅಷ್ಟು ದಿನದಾಗ ಅಕಿ ಹೇಳಿದ್ ಮಾತಿನ್ಯಾಗ ಇದೊಂದೇ ಖರೇ ಕಲಬುರಗಿ ಮಾತು.

ಮರುದಿನ ರಜಾ ಹೆಚ್ಚು ಮಾಡ್ಕೊಂಡು ಅಲ್ಲೇ ಉಳಿದ್ಲು. ಮಾಳಗಿಗೆ ಸುಣ್ಣ ಆಯ್ತು. ಕೂಲರ್ ತಿಕ್ಸಿ ಬೂದಿ ಬಣ್ಣ ಹೊಡ್ಸಿ, ಸೂಪರ್ ಮಾರ್ಕೆಟ್ ಬಜಾರಕ್ಕ ಹೋಗಿ ಹೊಸಾ ಖಸ್ ತಂದು ಮತ್ತ ಅದೇ ಕಿಟಕಿಗೆ ಕೂಡ್ಸಿದ್ವಿ. ಬಿಳಿ ಪರದಿ ಹೋಗಿ ಹಳೇ ಹಸರು ಪರದಿ ಬಂತು. ಯಾರೇ ನೋಡಾಕ ಬರ್ತೀವಿ ಅಂದ್ರೂ ಸಂಜಿ ಐದಕ್ಕ ಬರ್ರಿ ಅಂತ ಹೇಳಾಕ ಸುರು ಮಾಡಿದ್ವಿ.

ಗುರುವಾರ ಯಾದಗಿರಿ ಕಡಿಂದ ಒಬ್ರು ಮೇಷ್ಟ್ರು ಬಂದ್ರು, ಮಕ್ಕಳ ಓದಿಗಿ ಕಲಬುರಗಿಗೆ ಬರೋರಂತ, ಜೋಡಿ ಅವ್ರ ಮನಿಯವ್ರು, ಮತ್ತ ಪರಿಚಯದ ಗೌಂಡಿ ಒಬ್ಬ. ಹೊರಗ ಇನ್ನೂ ಬೆಂಕಿ. ಚಪ್ಪಲ್ ಬಿಟ್ಟು ಪರಸಿ ಮ್ಯಾಲ ಕಾಲಿಟ್ಟ ಮೇಷ್ಟ್ರು ಮಾತು ನಿಲ್ಲಿಸಿ ಹಂಗೇ ನಿಂತ್ರು. ಕತ್ತಲ ಖೋಲಿ, ಹಸಿ ಖಸ್ ವಾಸನಿ, ಕಾಲಿಗಿ ತಣ್ಣನ ಕಲ್ಲು. ಹುಡುಗಿ ನನ್ನ ಕಡಿ ನೋಡಿ ಹುಬ್ಬು ಹಾರ್ಸಿದ್ಲು.

ಅವ್ರ ಮನಿಯವ್ರು ಬಣ್ಣ ನೋಡ್ಲಿಲ್ಲ ಸೋಫಾ ನೋಡ್ಲಿಲ್ಲ, ಸೀದಾ ಅಡ್ಗಿ ಮನಿಗೆ ಹೋಗಿ ನಳ ತಿರುವಿದ್ರು, "ಎಷ್ಟು ದಿನಕ್ಕೊಮ್ಮಿ ಬಿಡ್ತಾರ್‍ರೀ ಅವ್ವಾರ? ಬೋರು ಬ್ಯಾಸಿಗ್ಯಾಗ ನಿಲ್ತದೇನು?" ಅಂದ್ರು. ಒಂದು ತಂಬಿಗಿ ನೀರು ಬಚ್ಚಲದಾಗ ಸುರುವಿ ಯಾವ ಕಡಿ ಹರೀತದ ಅಂತನೂ ನೋಡಿದ್ರು. ನಾನು ನಿಂಬಿಹಣ್ಣು ಹಚ್ಚಿ ತಿಕ್ಕಿದ್ದು ಯಾರ ಕಣ್ಣಿಗೂ ಬೀಳ್ಲಿಲ್ಲ.

ಗೌಂಡಿ ಮಾತ್ರ ಹಿಂದಿನ ಖೋಲಿಗೆ ಹೋಗಿ ನಿಂತ. ಆ ಸುಡುಬಿಸಲಿಗೆ ನನ್ನ 300 ರೂಪಾಯಿ ಪುಟ್ಟಿ ಒಂದು ವಾರದಾಗೇ ಸೀಳಿತ್ತು, ಕೂದಲೆಳಿಯಷ್ಟು, ಅಂಚಿಗೆ ಹಪ್ಪಳ ಎದ್ದಂಗ ಎದ್ದಿತ್ತು. ಉಗುರಿಲೇ ಕೆರ್ದ, ಒಂದು ಹಳಕು ಕೆಳಗ ಬಿತ್ತು. "ಇದು ಹೊಸಾ ಪುಟ್ಟಿ" ಅಂದ, ನನ್ನ ಕಡಿ ನೋಡ್ಲಿಲ್ಲ, ಅಷ್ಟು ಮರ್ಯಾದಿ ಉಳಿಸಿದ. ಏನ್ ಹೇಳ್ಬೇಕಂತ ನಾನು ಇನ್ನೂ ಹುಡುಕ್ತಿದ್ದೆ, ಹಿಂದಿಂದ ಅವ್ವ ಅಂದ್ಲು, "ನನ್ನ ಮಗ ತುಂಬ್ಸ್ಯಾನ್ರಿ. ಅಲ್ಲಿ ಬಿರುಕದ. ಬುನಾದಿ ಎರಡೂವರಿ ಫೂಟೇ ಅದ, ಮುಂದಿಂದು ಐದು. ಬ್ಯಾಸಿಗ್ಯಾಗ ಬಿಡ್ತದ, ಮಿರ್ಗ ಹೊಡ್ದು ಎರಡು ಮಳಿ ಆದ್ರ ಕೂಡ್ತದ. ಮೂವತ್ತು ವರ್ಷ ಆತು, ಇದಕ್ಕಿಂತ ದೊಡ್ಡದಾಗಿಲ್ಲ." ಹುಡುಗಿ ನನ್ನ ಕಡಿ ನೋಡಿದ್ ನೋಟ ಬರ್ಯಾಕ ಬರಂಗಿಲ್ಲ. ಅವ್ವ ಒಳಗ ಹೋಗಿ ಅಪ್ಪನ ವಹಿ ತಂದು ಗೌಂಡಿ ಕೈಯಾಗ ಕೊಟ್ಲು, ಅಗದದ್ದರ ಕೂಲಿ ಲೆಕ್ಕ ಅಲ್ಲೇ ಇತ್ತಲ್ಲ, ಅವ ಬೆರಳಿಟ್ಟು ಓದಿ ಮೇಷ್ಟ್ರಿಗಿ ತೋರ್ಸಿದ.

ಆಮೇಲಿಂದು ಎಲ್ಲಾ ಕಾಗದದ ಕೆಲಸ. 62 ಲಕ್ಷ ಕೇಳಿದ್ದು 57ಕ್ಕ ನಿಂತ್ತು, ಅದರಾಗ ಬಿರುಕಿಂದು ಅಂತ ಒಂದು ಲಕ್ಷ ಬ್ಯಾರೆ ಕಡಿಮಿ ಮಾಡಿದ್ರು. ಖಾತಾ ಅಪ್ಪನ ಹೆಸರಿಂದ ಅವ್ವನ ಹೆಸರಿಗೆ ಆಗ್ಬೇಕಿತ್ತು, ಇ-ಖಾತಾ ಇಲ್ಲದ ರಿಜಿಸ್ಟ್ರಿ ಆಗಂಗಿಲ್ಲ, ಅದಕ್ಕ ಓಡಾಡಿದ್ದು ಹೇಳಾಕ ಕುಂತ್ರ ಬ್ಯಾರೆ ಬರಹನೇ ಆಗ್ತದ. 50 ಲಕ್ಷ ದಾಟಿದ್ದಕ್ಕ ಮೇಷ್ಟ್ರು 1 ಪರ್ಸೆಂಟ್ ತೆರಿಗಿ, ಅದೇ ಟಿಡಿಎಸ್, ಹಿಡ್ದು ಕೊಟ್ರು. ಬ್ಯಾಂಕಿನ ವ್ಯಾಲ್ಯೂವರ್ ಬಂದವ ಟೇಪ್ ಹಿಡ್ದು ಅಳದು ಹೋದ, ಬಿಳಿ ಕವರಿನ ಸೋಫಾದ ಮ್ಯಾಲ ಬ್ಯಾಗ್ ಇಟ್ಟಿದ್ದೊಂದೇ ಅವ ಮಾಡಿದ್ ಉಪಯೋಗ. ಹುಡುಗಿಗೆ ಫೀಸ್ ಕೊಡಾಕ ಹೋದ್ರ ತಗೊಳ್ಳಿಲ್ಲ, ಆಯಿ ಕಡಿಂದ ಎರಡು ಕೌದಿ ಇಸ್ಕೊಂಡು ಹೋದ್ಲು. ಕೂಲರ್ ಮನಿ ಜೋಡಿನೇ ಬಿಟ್ವಿ, ಅವ್ವ ಬಿಡ್ಲಿ ಅಂದ್ಲು, ಬೆಂಗಳೂರಾಗ ಅದನ್ನ ಯಾರು ಕೇಳ್ತಾರ.

ಅವ್ವ ಈಗ ಅಕ್ಕನ ಕಡಿ ಅದಾಳ. ಈ ವರ್ಷ ಜುಲೈದಾಗ ನಾನು ಅಲ್ಲಿಗೆ ಹೋದಾಗ ಮೇಷ್ಟ್ರು ಫೋನ್ ಮಾಡಿದ್ರು, ಅಲ್ಲಿ ಮಳಿ ಚೊಲೋ ಆಗ್ಯದಂತ. ಅದೂ ಇದೂ ಮಾತಾಡಿ ಕೊನಿಗಿ "ಅವ್ವಾರಿಗಿ ಹೇಳ್ರಿ, ಹಿಂದಿನ ಖೋಲಿಂದು ಕೂಡ್ಕೊಂಡದ" ಅಂದ್ರು. ಅವ್ವ ಬಾಲ್ಕನ್ಯಾಗ ಕುಂತು ಬ್ಯಾಳಿ ಹಸನ ಮಾಡ್ತಿದ್ಲು, ಹೇಳ್ದೆ.

"ಮಾರ್ಚಿಗೆ ಮತ್ತ ಬಿಡ್ತದ, ಪುಟ್ಟಿ ತುಂಬ್ಸಬ್ಯಾಡ್ರಿ ಅಂತ ಹೇಳು" ಅಂದ್ಲು.