ಚಾಕು ಕೊಳ್ಳುವ ಮುನ್ನ ಹಿಡಿಯನ್ನು ನೋಡಿ

ನಾನು ಕೊಂಡ ಮೊದಲ ‘ಸರ್ವೈವಲ್’ ಚಾಕು ಮುರಿದದ್ದು ಅಲಗಿನ ನಡುವೆಯಲ್ಲ, ಅಲಗು ಹಿಡಿಯನ್ನು ಸೇರುವ ಬುಡದಲ್ಲಿ. ನೋಡುವುದಕ್ಕೆ ಅದು ಬಹಳ ಭರ್ಜರಿಯಾಗಿತ್ತು: ಬೆನ್ನಿನ ಮೇಲೆ ಗರಗಸದ ಹಲ್ಲುಗಳು, ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ, ಗಾಳದ ದಾರ ಮತ್ತು ಸೂಜಿ, ಹಿಡಿಯ ಮುಚ್ಚಳದಲ್ಲಿ ಒಂದು ಪುಟ್ಟ ದಿಕ್ಸೂಚಿ. ಚಾರಣದ ಎರಡನೆಯ ರಾತ್ರಿ, ಮಳೆಯಲ್ಲಿ ನೆನೆದ ಸೌದೆಯ ಒಳಗಿರುವ ಒಣ ತಿರುಳನ್ನು ತೆಗೆಯಬೇಕೆಂದು ಮಣಿಕಟ್ಟಿನಷ್ಟು ದಪ್ಪದ ಕೊಂಬೆಯ ತುದಿಗೆ ಅಲಗನ್ನು ಇಟ್ಟು, ಇನ್ನೊಂದು ಕಟ್ಟಿಗೆಯಿಂದ ಅದರ ಬೆನ್ನಿಗೆ ಹೊಡೆದೆ. ನಾಲ್ಕನೆಯ ಏಟಿಗೆ ಟಣ್ ಎಂದಿತು. ಅಲಗು ಸೌದೆಯಲ್ಲೇ ಸಿಕ್ಕಿಕೊಂಡಿತು, ದಿಕ್ಸೂಚಿಯ ಸಮೇತ ಹಿಡಿ ನನ್ನ ಕೈಯಲ್ಲಿ ಉಳಿಯಿತು. ಟಾರ್ಚ್ ಹಾಕಿ ನೋಡಿದಾಗ, ಅಷ್ಟುದ್ದದ ಅಲಗನ್ನು ಹಿಡಿಗೆ ಬಿಗಿದಿದ್ದುದು ಕಿರುಬೆರಳಿಗಿಂತ ಸಣ್ಣದಾದ ಒಂದು ಬೋಲ್ಟ್ ಮತ್ತು ಅದರ ನಟ್ ಮಾತ್ರ ಎಂಬುದು ತಿಳಿಯಿತು. ಆ ದಿಕ್ಸೂಚಿಯೂ ಉತ್ತರ ದಿಕ್ಕನ್ನು ಸರಿಯಾಗಿ ತೋರಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆಮೇಲಿನ ವರ್ಷಗಳಲ್ಲಿ ಹಲವು ಚಾಕುಗಳನ್ನು ಕೊಂಡಿದ್ದೇನೆ, ಕೆಲವನ್ನು ಹಾಳುಮಾಡಿದ್ದೇನೆ. ಯಾವ ಚಾಕು ಒಳ್ಳೆಯದು ಎಂದು ಕೇಳುವ ಗೆಳೆಯರಿಗೆ ಏತಕ್ಕೆ ಎಂದು ಮರುಪ್ರಶ್ನೆ ಹಾಕಿದರೆ, ಕಾಡಿಗೂ ಆಗಬೇಕು, ಆಪತ್ತಿಗೂ ಒದಗಬೇಕು, ಗಾಜಿನ ಕಪಾಟಿನಲ್ಲಿಟ್ಟರೆ ನೋಡುವುದಕ್ಕೂ ಚೆನ್ನಾಗಿರಬೇಕು ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ನನ್ನ ಅನುಭವದಲ್ಲಿ ಈ ಮೂರನ್ನೂ ಒಂದೇ ಅಲಗಿನಲ್ಲಿ ಹುಡುಕುವವರೇ ನನ್ನ ಮೊದಲ ಚಾಕುವಿನಂಥದ್ದನ್ನು ಮನೆಗೆ ತರುತ್ತಾರೆ.

ಕಾಡಿನ ಚಾಕುವಿನಲ್ಲಿ ನಾನು ಈಗ ಮೊದಲು ವಿಚಾರಿಸುವುದು ಕಣ್ಣಿಗೆ ಕಾಣದ ಭಾಗವನ್ನು. ಅಲಗಿನ ಲೋಹವು ಹಿಡಿಯೊಳಗೆ ಮುಂದುವರಿಯುವ ಭಾಗಕ್ಕೆ ಟ್ಯಾಂಗ್ ಎನ್ನುತ್ತಾರೆ. ಅದು ಹಿಡಿಯಷ್ಟೇ ಅಗಲವಾಗಿ ಹಿಡಿಯ ಕೊನೆಯವರೆಗೂ ಹೋಗಿದ್ದು, ಎರಡು ಪಕ್ಕಗಳಲ್ಲಿ ಮರದ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಪಟ್ಟಿಗಳನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಅದನ್ನು ಫುಲ್ ಟ್ಯಾಂಗ್ ಎಂದು ಕರೆಯುತ್ತಾರೆ. ಪಟ್ಟಿಗಳು ಒಡೆದುಹೋದರೂ ಬರಿಯ ಲೋಹಕ್ಕೆ ಹಗ್ಗ ಸುತ್ತಿಕೊಂಡು ಕೆಲಸ ಮುಗಿಸಬಹುದು. ಹಾಗೆಂದು ಇದನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಫಿನ್ಲೆಂಡಿನ ಪೂಕ್ಕೊ ಚಾಕುಗಳು ಕಿರಿದಾದ ಟ್ಯಾಂಗ್‌ನೊಂದಿಗೇ ತಲೆಮಾರುಗಳಿಂದ ಕಾಡಿನ ಕೆಲಸ ಮಾಡುತ್ತ ಬಂದಿವೆ. ಸ್ವೀಡನ್ನಿನ ಮೋರಾ ಪ್ರದೇಶದಿಂದ ಬರುವ ಹೆಸರುವಾಸಿ ಚಾಕುಗಳಲ್ಲಿ ಹಲವಕ್ಕೆ ಟ್ಯಾಂಗ್ ಹಿಡಿಯ ತುದಿಯನ್ನೇ ಮುಟ್ಟುವುದಿಲ್ಲ. ಆದರೂ ಅವು ನನ್ನ ಕೈಯಲ್ಲಿ ಒಮ್ಮೆಯೂ ಮುರಿದಿಲ್ಲ. ಕೊರೆಯುವ ಚಳಿಯಲ್ಲಿ ಬರಿಯ ಲೋಹ ಅಂಗೈಗೆ ತಾಗದಿರುವುದು ಅಂಥ ಹಿಡಿಯ ಇನ್ನೊಂದು ಅನುಕೂಲ. ಮುಖ್ಯವಾಗಿ ನೋಡಬೇಕಾದದ್ದು ಅಲಗು ಟ್ಯಾಂಗ್ ಆಗಿ ಕಿರಿದಾಗುವ ಮೂಲೆಯನ್ನು: ಅದು ದುಂಡಾಗಿದ್ದರೆ ಏಟಿನ ಒತ್ತಡ ಹಂಚಿಹೋಗುತ್ತದೆ, ಕತ್ತರಿಸಿದಂತೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ನನ್ನ ಚಾಕುವಿನಲ್ಲಿ ಮೂಲೆಯೂ ಚೂಪಾಗಿತ್ತು, ಟ್ಯಾಂಗ್ ಎಂಬುದು ಹೆಸರಿಗೆ ಮಾತ್ರ ಇತ್ತು.

ಉದ್ದದ ವಿಷಯದಲ್ಲಿ ಹೊಸಬರಿಗೆ ಯಾವಾಗಲೂ ಅತಿಯಾಸೆ. ಕಾಡಿನಲ್ಲಿ ಚಾಕು ಮಾಡುವ ನಿಜವಾದ ಕೆಲಸಗಳು ಬಹಳ ಸಾಧಾರಣವಾದವು. ಹಗ್ಗ ಕೊಯ್ಯುವುದು, ಗುಡಾರದ ಗೂಟ ಚೂಪು ಮಾಡುವುದು, ಗಾಯಕ್ಕೆ ಬಟ್ಟೆ ಹರಿಯುವುದು, ಬೆಂಕಿ ಹೊತ್ತಿಸಲು ಒಣ ಕಡ್ಡಿಯನ್ನು ಹೆರೆಯುವುದು. ಈ ಕೊನೆಯ ಕೆಲಸವೇ ಚಾಕುವಿಗೆ ನಾನು ಇಡುವ ಪರೀಕ್ಷೆ. ಹೆಬ್ಬೆರಳು ಗಾತ್ರದ ಒಣ ಕಡ್ಡಿಯನ್ನು ನೆಲಕ್ಕೆ ಊರಿ, ಅಲಗನ್ನು ಬಹುತೇಕ ಮಲಗಿಸಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತಳ್ಳಿದಾಗ ಕಾಗದದಷ್ಟು ತೆಳುವಾದ ಹೆರೆ ಸುರುಳಿ ಸುತ್ತುತ್ತ ಕಡ್ಡಿಗೇ ಅಂಟಿಕೊಂಡು ನಿಲ್ಲಬೇಕು. ಹತ್ತು ಹದಿನೈದು ಸುರುಳಿಗಳಾದರೆ ಒಂದು ಕಿಡಿ ಸಾಕು. ಐದಾರು ಮಿಲಿಮೀಟರ್ ದಪ್ಪದ ಅಲಗಿನಿಂದ ಈ ಕೆಲಸ ಮಾಡಿ ನೋಡಿ. ಅದು ಹೆರೆಯುವುದಿಲ್ಲ, ಬೆಣೆಯಂತೆ ಕಡ್ಡಿಯನ್ನು ಸಿಗಿಯುತ್ತದೆ. ಹತ್ತರಿಂದ ಹದಿಮೂರು ಸೆಂಟಿಮೀಟರ್ ಉದ್ದ, ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪ ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ಮರ ಕಡಿಯಬೇಕಾದವರು ಕೊಡಲಿಯನ್ನೋ ಮಡಚುವ ಗರಗಸವನ್ನೋ ಒಯ್ಯುವುದು ಲೇಸು.

ಬೆನ್ನಿನ ಅಂಚು ಕಡೆಗಣಿಸಬಾರದ ಇನ್ನೊಂದು ಸಂಗತಿ. ಅದು ತೊಂಬತ್ತು ಡಿಗ್ರಿಯ ಚೂಪಾದ ಮೂಲೆಯಾಗಿದ್ದರೆ ಫೆರೋ ರಾಡ್ ಎಂಬ, ಕೆರೆದರೆ ಕಿಡಿ ಕಾರುವ ಲೋಹದ ಕಡ್ಡಿಯನ್ನು ಉಜ್ಜಿ ಕಿಡಿ ಹಾರಿಸಲು ಅದೇ ಸಾಕು, ಹರಿತವಾದ ಬಾಯಿಯನ್ನು ಆ ಒರಟು ಕೆಲಸಕ್ಕೆ ಸವೆಸಬೇಕಾಗಿಲ್ಲ. ಬೆನ್ನನ್ನು ನುಣ್ಣಗೆ ದುಂಡು ಮಾಡಿದ ಅಥವಾ ದಪ್ಪ ಬಣ್ಣದ ಲೇಪ ಕೊಟ್ಟ ಚಾಕುಗಳಲ್ಲಿ ಇದು ನಡೆಯುವುದಿಲ್ಲ. ಗರಗಸದ ಹಲ್ಲುಗಳಿದ್ದರಂತೂ ಸೌದೆ ಸೀಳುವಾಗ ಬೆನ್ನಿಗೆ ಹೊಡೆಯುವ ಕಟ್ಟಿಗೆಯೇ ಚಿಂದಿಯಾಗುತ್ತದೆ.

ಉಕ್ಕಿನ ಬಗ್ಗೆ ಜನ ಜಗಳವಾಡುವಷ್ಟು ವ್ಯತ್ಯಾಸ ಬಳಕೆಯಲ್ಲಿ ಕಾಣಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಮಾರು ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುವ ಉಕ್ಕನ್ನು ಸ್ಟೇನ್‌ಲೆಸ್ ಎನ್ನುತ್ತಾರೆ; ಅದು ತುಕ್ಕನ್ನು ತಡೆಯುತ್ತದೆಯೇ ಹೊರತು ತುಕ್ಕೇ ಹಿಡಿಯದ ಲೋಹವಲ್ಲ, ಸಮುದ್ರದ ನೀರಿನಲ್ಲಿ ನೆನೆದು ಒರೆಯೊಳಗೇ ಉಳಿದರೆ ಅದಕ್ಕೂ ಚುಕ್ಕೆಗಳು ಬೀಳುತ್ತವೆ. ಇಂಗಾಲದ ಉಕ್ಕು, ಉದಾಹರಣೆಗೆ ಸುಮಾರು ಶೇಕಡಾ 0.95 ಇಂಗಾಲವಿರುವ 1095, ಏಟನ್ನು ಚೆನ್ನಾಗಿ ತಾಳುತ್ತದೆ, ಬೇಗ ಹರಿತವಾಗುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಉಕ್ಕನ್ನು ಕಾಯಿಸಿ ತಣಿಸಿ ಕೊಟ್ಟ ಹದ ಇದಕ್ಕಿಂತ ಹೆಚ್ಚು ಮುಖ್ಯ. ಆ ಹದದಿಂದ ಬರುವ ಗಡಸುತನವನ್ನು ರಾಕ್‌ವೆಲ್ ಮಾಪಕದಲ್ಲಿ ಅಳೆಯುತ್ತಾರೆ. 56ರಿಂದ 59ರ ಒಳಗಿನ ಅಲಗು ಕಾಡಿನ ಒರಟು ಕೆಲಸಕ್ಕೆ ಒಪ್ಪುತ್ತದೆ, 61 ದಾಟಿದ ಅಲಗು ಹರಿತವನ್ನು ಹೆಚ್ಚು ಕಾಲ ಉಳಿಸಿಕೊಂಡರೂ ಗಂಟಿಗೋ ಮೂಳೆಗೋ ತಗುಲಿದಾಗ ಬಾಯಿ ಚಕ್ಕೆಯೇಳುವ ಭಯವಿರುತ್ತದೆ, ಮತ್ತು ಅದನ್ನು ಮಸೆಯಲು ವಜ್ರದ ಪುಡಿಯ ಕಲ್ಲು ಬೇಕಾಗಬಹುದು.

ನಮ್ಮ ಭಾಷೆಯಲ್ಲಿ ಕತ್ತಿ ಮಸೆಯುವುದೆಂದರೆ ಹಗೆ ಸಾಧಿಸುವುದು ಎಂಬ ಅರ್ಥ ಬಂದುಬಿಟ್ಟಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ, ಏಕೆಂದರೆ ಇಷ್ಟು ಶಾಂತವಾಗಿ ಮಾಡಬೇಕಾದ ಕೆಲಸ ಇನ್ನೊಂದಿಲ್ಲ. ಸಾವಿರ ಗ್ರಿಟ್‌ನ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಚಾಕುವನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿದರೆ ತೊಂಬತ್ತು ಡಿಗ್ರಿ. ಅದರ ಅರ್ಧಕ್ಕೆ ಬಾಗಿಸಿದರೆ ನಲವತ್ತೈದು. ಮತ್ತೆ ಅರ್ಧಕ್ಕೆ ಇಳಿಸಿದರೆ ಇಪ್ಪತ್ತೆರಡೂವರೆ, ಕಾಡಿನ ಚಾಕುವಿಗೆ ಅಷ್ಟು ಸಾಕು. ಒಂದು ಪಕ್ಕವನ್ನು ಅದೇ ಕೋನದಲ್ಲಿ ಉಜ್ಜುತ್ತ ಹೋದಾಗ ಇನ್ನೊಂದು ಪಕ್ಕದ ಅಂಚಿನುದ್ದಕ್ಕೂ ಕೂದಲಿನಷ್ಟು ತೆಳುವಾದ ಲೋಹದ ಎಳೆಯೊಂದು ಮಡಚಿಕೊಂಡು ಮೇಲೇಳುತ್ತದೆ. ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಹೆಬ್ಬೆರಳನ್ನು ಮೆಲ್ಲನೆ ಸವರಿದರೆ ಅದು ಬೆರಳಿಗೆ ತೊಡರುತ್ತದೆ. ಈ ತೊಡರು ಬುಡದಿಂದ ಮೊನೆಯವರೆಗೆ ಸಿಗುವ ತನಕ ಪಕ್ಕವನ್ನು ಬದಲಿಸಬಾರದು. ನಾನು ಮೊದಲ ಎರಡು ವರ್ಷ ಈ ಒಂದು ವಿಷಯವನ್ನು ತಿಳಿಯದೆ ಗಂಟೆಗಟ್ಟಲೆ ಕಲ್ಲು ಸವೆಸಿದ್ದೇನೆ. ಹೊಸಬರಿಗೆ ಸ್ಕ್ಯಾಂಡಿ ಗ್ರೈಂಡ್ ಇರುವ ಅಲಗು ಇದೇ ಕಾರಣಕ್ಕೆ ಹಿತ. ಅದರ ಅಗಲವಾದ ಇಳಿಜಾರು ಕಲ್ಲಿನ ಮೇಲೆ ತಾನಾಗಿಯೇ ಕೂರುವುದರಿಂದ ಕೋನವನ್ನು ಊಹಿಸುವ ಗೊಡವೆಯೇ ಇರುವುದಿಲ್ಲ.

ಹಿಡಿಯನ್ನು ಆರಿಸುವಾಗ ಅಂಗಡಿಯ ಒಣ ಕೈಯನ್ನು ನಂಬಬಾರದು. ಒದ್ದೆಯಾದ, ಜಿಡ್ಡಾದ, ದಣಿದ ಕೈಯಲ್ಲಿ ಅದು ಹೇಗಿರುತ್ತದೆ ಎಂಬುದೇ ಪ್ರಶ್ನೆ. ಬೆರಳುಗಳಿಗೆಂದು ನಾಲ್ಕು ಗುಳಿ ತೋಡಿದ ಹಿಡಿ ಮೊದಲ ನೋಟಕ್ಕೆ ಹಿತವೆನಿಸಿದರೂ, ಚಾಕುವನ್ನು ತಿರುಗಿಸಿ ಹಿಡಿದೊಡನೆ ಆ ಗುಳಿಗಳ ಏಣುಗಳು ಅಂಗೈಯನ್ನು ಒತ್ತುತ್ತವೆ. ಅರ್ಧ ಗಂಟೆಯ ಕೆಲಸದಲ್ಲಿ ಬೊಬ್ಬೆ ಏಳುವುದು ಅಲ್ಲಿಯೇ. ಒರೆಯನ್ನು ತಲೆಕೆಳಗು ಹಿಡಿದು ಅಲುಗಾಡಿಸಿದರೂ ಚಾಕು ಬೀಳದಿರಬೇಕು, ಅಷ್ಟು ಮಾತ್ರ ಹೇಳಿದರೆ ಸಾಕು.

ಮಡಚುವ ಚಾಕುವನ್ನು ನಾನು ಕಡೆಗಣಿಸುವುದಿಲ್ಲ. ದಿನನಿತ್ಯ ಜೇಬಿನಲ್ಲಿರುವುದು ಅದೇ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕು ಪೂರೈಸತೊಡಗಿ, 1897ರಲ್ಲಿ ಅಧಿಕಾರಿಗಳ ಚಾಕುವನ್ನು, ಅಂದರೆ ಈಗಿನ ಸ್ವಿಸ್ ಆರ್ಮಿ ಚಾಕುವಿನ ಮೂಲರೂಪವನ್ನು, ರೂಪಿಸಿದಾಗಿನಿಂದ ಆ ವಿನ್ಯಾಸದ ಮೂಲ ಹೆಚ್ಚೇನೂ ಬದಲಾಗಿಲ್ಲ. ಆದರೆ ಅದರ ಸಣ್ಣ ಮಾದರಿಗಳಲ್ಲಿ ಅಲಗಿಗೆ ಬೀಗವಿಲ್ಲ, ಸ್ಪ್ರಿಂಗಿನ ಒತ್ತಡ ಮಾತ್ರ ಅದನ್ನು ತೆರೆದಿಡುತ್ತದೆ. ಬೀಗವಿಲ್ಲದ ಅಂಥದೇ ಒಂದು ಚಾಕುವಿನ ಮೊನೆಯಿಂದ ಚರ್ಮದ ಬೆಲ್ಟಿಗೆ ತೂತು ಕೊರೆಯಲು ಹೋದಾಗ ಅಲಗು ಮಡಚಿಕೊಂಡು ನನ್ನ ತೋರುಬೆರಳಿನ ಗೆಣ್ಣಿಗೆ ನಾಲ್ಕು ಹೊಲಿಗೆ ಬಿದ್ದವು. ಫ್ರಾನ್ಸಿನ ಸವೋಯ್ ಪ್ರಾಂತ್ಯದ ಒಪಿನೆಲ್ ಚಾಕು ಹುಟ್ಟಿದ್ದು 1890ರಲ್ಲಿ. 1955ರಲ್ಲಿ ಅದಕ್ಕೆ ಸೇರಿಸಿದ, ತಿರುಗಿಸಿದರೆ ಅಲಗನ್ನು ತಡೆದು ನಿಲ್ಲಿಸುವ ಉಂಗುರದಂಥ ಸರಳ ಬೀಗ ಇದ್ದಿದ್ದರೆ ಆ ಹೊಲಿಗೆಗಳು ತಪ್ಪುತ್ತಿದ್ದವು.

ಇನ್ನು ಆತ್ಮರಕ್ಷಣೆ. ಇದಕ್ಕೆಂದು ಚಾಕು ಕೊಳ್ಳಬೇಡಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ, ಮತ್ತು ಅದಕ್ಕೆ ಕಾರಣಗಳಿವೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯುಲರ್ 1983ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, 21 ಅಡಿ ದೂರದಲ್ಲಿ ನಿಂತ ವ್ಯಕ್ತಿ ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಮ್ಮ ಮೈಮೇಲೆ ಬೀಳಬಲ್ಲನೆಂದು ತೋರಿಸಿಕೊಟ್ಟಿದ್ದರು. ಅಭ್ಯಾಸವಿರುವ ಪೊಲೀಸನೇ ಅಷ್ಟರಲ್ಲಿ ಸೊಂಟದ ಬಂದೂಕನ್ನು ಕಷ್ಟಪಟ್ಟು ತೆಗೆಯಬೇಕೆಂದರೆ, ಜೇಬಿನಿಂದ ಚಾಕು ತೆಗೆದು, ಬಿಚ್ಚಿ, ಬೀಗ ಬಿದ್ದಿದೆಯೇ ಎಂದು ನೋಡಿಕೊಳ್ಳುವ ನಮ್ಮ ಪಾಡೇನು? ಹೆದರಿದ ಕೈಯಲ್ಲಿ ಬೆರಳುಗಳ ಸೂಕ್ಷ್ಮ ಚಲನೆಯೇ ಮೊದಲು ಕೈಕೊಡುತ್ತದೆ. ಬೆವರಿದ ಹಿಡಿಯಿಂದ ಬೆರಳು ಅಲಗಿನ ಮೇಲಕ್ಕೆ ಜಾರಿ ತನ್ನನ್ನೇ ಕೊಯ್ದುಕೊಳ್ಳುವುದು ಸಾಮಾನ್ಯ. ಚಾಕು ಎದುರಾಳಿಯ ಕೈಸೇರಿದರೆ ಮುಂದಿನ ಮಾತೇ ಬೇಡ. ಇದರ ಮೇಲೆ ಕಾನೂನಿದೆ: ಯಾವ ಉದ್ದದ, ಯಾವ ಬಗೆಯ ಅಲಗನ್ನು ಹೊರಗೆ ಒಯ್ಯಬಹುದು ಎಂಬುದು ದೇಶದಿಂದ ದೇಶಕ್ಕೆ ಬೇರೆ, ಹಲವು ಕಡೆ ‘ಆತ್ಮರಕ್ಷಣೆಗಾಗಿ ಇಟ್ಟುಕೊಂಡಿದ್ದೇನೆ’ ಎಂಬ ಉತ್ತರವೇ ಆ ಚಾಕುವನ್ನು ಆಯುಧವನ್ನಾಗಿ ಮಾಡಿ ಹೇಳಿದವರನ್ನು ಸಿಕ್ಕಿಸುತ್ತದೆ. ಓಡಲು ಬರುವ ಪಾದರಕ್ಷೆ, ಕಣ್ಣು ಕೋರೈಸುವ ಟಾರ್ಚ್, ಕಿವಿಗಡಚಿಕ್ಕುವ ಅಲಾರಂ, ಇವುಗಳಿಗೆ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ. ಎರಡೂ ಬದಿಗೆ ಹರಿತವಿರುವ ಕಪ್ಪು ಬಣ್ಣದ ಕಠಾರಿಗಳನ್ನು ‘ಟ್ಯಾಕ್ಟಿಕಲ್’ ಎಂದು ಮಾರುವವರ ಬಗ್ಗೆ ನನಗೆ ಗೌರವವಿಲ್ಲ. ಅವು ಹೆರೆಯಲೂ ಆಗದ, ಸೀಳಲೂ ಆಗದ ವಸ್ತುಗಳು.

ಸಂಗ್ರಹದ ಲೋಕದಲ್ಲಿ ಈ ಲೆಕ್ಕಾಚಾರವೆಲ್ಲ ಬದಲಾಗುತ್ತದೆ. ಅಲ್ಲಿ ಕೆಲಸಕ್ಕೆ ಬಾರದ ಕಠಾರಿಗೂ ಬೆಲೆಯಿದೆ, ಕೆಲಸ ಮಾಡಿ ಸವೆದ ಚಾಕುವಿಗೂ ಬೆಲೆಯಿದೆ, ಆದರೆ ಹೊಸದಾಗಿ ಪಾಲಿಶ್ ಮಾಡಿದ ಹಳೆಯ ಚಾಕುವಿಗೆ ಇಲ್ಲ. ಹಳೆಯ ಅಲಗಿನ ಮೇಲಿನ ಬೂದುಬಣ್ಣದ ಕಲೆ ಹತ್ತಾರು ವರ್ಷಗಳಲ್ಲಿ ಕೂಡಿಬಂದದ್ದು. ಅದನ್ನು ಐದು ನಿಮಿಷದಲ್ಲಿ ಉಜ್ಜಿ ತೆಗೆದವರು ಅಲಗಿನ ವಯಸ್ಸನ್ನೇ ಅಳಿಸಿದಂತೆ. ಚಾಕುವಿನ ವಯಸ್ಸನ್ನು ಓದುವುದೂ ಒಂದು ವಿದ್ಯೆ. ಅಮೆರಿಕದ ಕೇಸ್ ಕಂಪನಿ 1970ರಲ್ಲಿ ತನ್ನ ಮುದ್ರೆಯ ಕೆಳಗೆ ಹತ್ತು ಚುಕ್ಕೆಗಳನ್ನು ಒತ್ತಿ, ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತ ಹೋಯಿತು. ಹಾಗಾಗಿ ಚುಕ್ಕೆ ಎಣಿಸಬಲ್ಲವರು ಆ ದಶಕದ ಚಾಕುವಿನ ವರ್ಷವನ್ನು ನೇರವಾಗಿ ಹೇಳಬಹುದು.

ಸಂಗ್ರಹಕ್ಕೆ ಇಳಿದವರೆಲ್ಲ ಬೇಗನೆ ಮಾರುಹೋಗುವುದು ಮೈಮೇಲೆ ಅಲೆಯಂಥ ಚಿತ್ತಾರವಿರುವ ಡಮಾಸ್ಕಸ್ ಉಕ್ಕಿನ ಹೆಸರಿಗೆ, ಮತ್ತು ಹೆಚ್ಚು ಮೋಸ ನಡೆಯುವುದೂ ಅಲ್ಲಿಯೇ. ಹಳೆಯ ಡಮಾಸ್ಕಸ್ ಅಲಗುಗಳ ಮೂಲ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೂಸೆಗಳಲ್ಲಿ ಕರಗಿಸಿದ ವೂಟ್ಜ್ ಉಕ್ಕು. ಆ ಹೆಸರು ಬಂದದ್ದೇ ‘ಉಕ್ಕು’ ಎಂಬ ಪದದಿಂದ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅದರ ಮೈಮೇಲಿನ ಅಲೆಗಳು ಉಕ್ಕಿನೊಳಗೇ ಸಾಲುಗಟ್ಟಿದ ಕಾರ್ಬೈಡ್ ಎಂಬ ಗಟ್ಟಿ ಕಣಗಳಿಂದ ಮೂಡಿದವು; ಅದಿರಿನಲ್ಲಿದ್ದ ವನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶ ಇದಕ್ಕೆ ಕಾರಣವೆಂದು ಲೋಹಶಾಸ್ತ್ರಜ್ಞ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಅಂಥ ಅಲಗುಗಳನ್ನು ಮತ್ತೆ ತಯಾರಿಸಿ ತೋರಿಸಿದರು. ಇಂದು ಆ ಹೆಸರಿನಲ್ಲಿ ಮಾರಾಟವಾಗುವುದು ಬಹುತೇಕ ಬೇರೆಯದು: ಎರಡು ಬಗೆಯ ಉಕ್ಕಿನ ಪದರಗಳನ್ನು ಕಾಯಿಸಿ, ಬಡಿದು, ಮಡಚಿ ಬೆಸೆದು, ಆಮೇಲೆ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದಾಗ ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿದು ಇನ್ನೊಂದು ಕಪ್ಪಾಗುತ್ತದೆ. ಇದೂ ಕಷ್ಟದ, ಗೌರವಕ್ಕೆ ಅರ್ಹವಾದ ಕಲೆಯೇ. ಬೇಸರ ತರಿಸುವುದು ಮೂರನೆಯದು, ಸಾಧಾರಣ ಉಕ್ಕಿನ ಮೇಲೆ ಲೇಸರ್‌ನಿಂದ ಬರೆದ ಚಿತ್ತಾರ. ಅದನ್ನು ಕಂಡುಹಿಡಿಯಲು ಅಲಗಿನ ಪಕ್ಕವನ್ನಲ್ಲ, ಬೆನ್ನನ್ನು ನೋಡಬೇಕು. ನಿಜವಾದ ಪದರಗಳು ಬೆನ್ನನ್ನು ದಾಟಿ ಆಚೆ ಪಕ್ಕಕ್ಕೆ ಮುಂದುವರಿಯುತ್ತವೆ, ಬರೆದ ಚಿತ್ತಾರ ಅಂಚಿನಲ್ಲೇ ನಿಂತುಬಿಡುತ್ತದೆ.

ಹಿಡಿಯನ್ನು ನೋಡಿ ಎಂದು ಮೊದಲಿಗೆ ಹೇಳಿದ್ದು ಇಲ್ಲಿಯೂ ಸಲ್ಲುತ್ತದೆ. ದಂತದ ಹಿಡಿಯಿದ್ದರೆ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ, ಕಾಗದಪತ್ರಗಳಿಲ್ಲದೆ ಕೈಹಾಕಬಾರದು. ಚರ್ಮದ ಒರೆ ಚೆಂದವಾದರೂ ಚಾಕುವನ್ನು ಅದರೊಳಗೆ ಇಟ್ಟು ಮರೆಯಬಾರದು. ಚರ್ಮ ಹದಮಾಡಲು ಬಳಸಿದ ರಾಸಾಯನಿಕಗಳೂ ಅದು ಹೀರಿಕೊಂಡ ತೇವವೂ ಸೇರಿ ಅಲಗನ್ನು ತಿನ್ನುತ್ತವೆ. ಇದಕ್ಕಿಂತ ಕಪಟಿಯಾದದ್ದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ಇಪ್ಪತ್ತನೆಯ ಶತಮಾನದ ಮೊದಲರ್ಧದ ಜೇಬುಚಾಕುಗಳಲ್ಲಿ ಆಮೆಚಿಪ್ಪನ್ನೂ ಮುತ್ತಿನಚಿಪ್ಪನ್ನೂ ಹೋಲುವ ಸುಂದರ ಹಿಡಿಗಳಿಗೆ ಅದನ್ನೇ ಬಳಸುತ್ತಿದ್ದರು. ವಯಸ್ಸಾದಂತೆ ಅದು ಒಳಗಿಂದ ಕೊಳೆತು ಆಮ್ಲದ ಆವಿಯನ್ನು ಬಿಡತೊಡಗುತ್ತದೆ. ನನ್ನ ಡ್ರಾಯರಿನಲ್ಲಿ ಅಂಥದೊಂದು ಚಾಕು ಆರು ತಿಂಗಳು ಮುಚ್ಚಿಕೊಂಡಿತ್ತು. ತೆರೆದಾಗ ಮೂಗಿಗೆ ಕರ್ಪೂರದ ವಾಸನೆ ಬಡಿಯಿತು, ಅದರ ಹಿಡಿಯಂಚು ಸಕ್ಕರೆಹರಳಿನಂತೆ ಪುಡಿಯಾಗಿತ್ತು, ಪಕ್ಕದಲ್ಲಿ ಮಲಗಿದ್ದ ಮೂರು ಚಾಕುಗಳ ಅಲಗುಗಳಲ್ಲಿ, ಆ ಹಿಡಿಯ ಕಡೆಗೆ ಮುಖಮಾಡಿದ್ದ ಭಾಗದಲ್ಲಿ ಮಾತ್ರ, ಕೆಂಪು ತುಕ್ಕು ಕೂತಿತ್ತು. ಈಗ ಅದು ಉಳಿದವುಗಳಿಂದ ದೂರ, ಕಿಟಕಿಯ ಪಕ್ಕದ ಶೆಲ್ಫಿನಲ್ಲಿ ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಒಂಟಿಯಾಗಿದೆ.