ಕಿವಿ ಮುಟ್ಟು ನೋಡೋಣ

2024ರ ಮಾರ್ಚ್. ರಾತ್ರಿ ಹತ್ತೂವರೆಗೆ ಫೋನ್ ಬಂತು.

"ಅಕ್ಕೋರೇ, ಮಗನ್ನ ಠಾಣೆಗೆ ಕರ್ಕೊಂಡು ಹೋಗಿದಾರೆ. ಶಾಲೆ ಪಟ್ಟೀಲಿ ಅವನ ವಯಸ್ಸು ಎಷ್ಟಿದೆ, ಸ್ವಲ್ಪ ನೋಡಿ ಹೇಳ್ತೀರಾ?"

ಆಗ ನನ್ನ ನಿವೃತ್ತಿಗೆ ಎರಡೇ ತಿಂಗಳು ಬಾಕಿ. ಶಿರಸಿಯಿಂದ ದಿನಾ ಬಸ್ಸು ಹತ್ತಿ ಕಾಡಿನೊಳಗಿನ ಒಂದು ಸಣ್ಣ ಶಾಲೆಗೆ ಹೋಗುತ್ತಿದ್ದೆ. ಹುಡುಗ ಅಲ್ಲೇ ಕಲಿತು ಹೋದವನು, ಸಿದ್ದಿ ಸಮುದಾಯದವನು. ಯಾವ ಜಾತ್ರೆ, ಯಾವ ಠಾಣೆ ಅಂತ ಬರೆಯುವುದಿಲ್ಲ. ಇಂಥ ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಅದು ಹೇಳದೇ ಇದ್ದರೂ ನಾನು ಬರೆಯುತ್ತಿರಲಿಲ್ಲ ಬಿಡಿ.

ಆಗಿದ್ದು ಇಷ್ಟೇ. ಜಾತ್ರೆ ಪೇಟೆಯಲ್ಲಿ, ದೊಡ್ಡ ತೊಟ್ಟಿಲಿನ ಹತ್ತಿರ ಯಾರದೋ ಮೊಬೈಲ್ ಕಳೆಯಿತು. ಪಕ್ಕದಲ್ಲಿ ಇಬ್ಬರು ಹುಡುಗರಿದ್ದರು. ಇಬ್ಬರೂ ನನ್ನ ಶಾಲೆಯವರೇ, ಒಂದೇ ಬೆಂಚಿನಲ್ಲಿ ಕೂತವರು. ಒಬ್ಬ ಅಡಿಕೆ ತೋಟದ ಭಟ್ಟರ ಮನೆಯವ. ಅವನಿಗೆ "ನೀ ಮನೆಗೆ ಹೋಗೋ ಮಾಣಿ" ಅಂದರಂತೆ. ಮಾಣಿ ಅಂದರೆ ನಮ್ಮ ಕಡೆ ಬ್ರಾಹ್ಮಣರ ಮನೆಯ ಹುಡುಗ. ಇವನ ಅಂಗಿಯ ಕಾಲರ್ ಹಿಡಿದರು. ಇಬ್ಬರ ಜೇಬಲ್ಲೂ ಮೊಬೈಲ್ ಇರಲಿಲ್ಲ. "ನಾನೂ ಅವನ ಸಂಗಡಾನೇ ಇದ್ದೆ" ಅಂತ ಮಾಣಿ ಹೇಳಿದನಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಶಾಲೆಯ ಬೀರು ತೆಗೆದೆ. ದಾಖಲಾತಿ ರಿಜಿಸ್ಟರ್ ನೋಡಿ, ಹುಟ್ಟಿದ ದಿನದ ಪತ್ರ ಬರೆದು, ಸೀಲು ಹೊಡೆದುಕೊಂಡು ಹೊರಟೆ. ಹುಡುಗ ಗೋಡೆ ಬದಿಗೆ ಕುಕ್ಕರುಗಾಲಲ್ಲಿ ಕೂತಿದ್ದ. ಲಾಕಪ್ಪಿನೊಳಗೆ ಹಾಕಿರಲಿಲ್ಲ, ಅಷ್ಟೇ ಪುಣ್ಯ. ನನಗೆ ಕುರ್ಚಿ ಕೊಟ್ಟರು, ಚಾ ತರಿಸಿದರು. ಅವನ ಅವ್ವ ಹೊರಗೆ ಮೆಟ್ಟಿಲ ಮೇಲೆ. ಮೇಜಿನ ಮೇಲಿದ್ದ ಕಾಗದದಲ್ಲಿ ಅವನ ಹೆಸರು, ಅದರ ಮುಂದೆ "ಅಂದಾಜು ವಯಸ್ಸು 20".

"ಯಾರನ್ನು ಕೇಳಿ ಬರೆದ್ರಿ?" ಅಂದೆ.

"ನೋಡಿದ್ರೇ ಗೊತ್ತಾಗತ್ತಲ್ಲ ಮೇಡಂ. ಮೈಕಟ್ಟು ನೋಡಿ."

ನನ್ನ ಪತ್ರದಲ್ಲಿ ಇದ್ದದ್ದು 1-6-2008. ಅಂದರೆ ಹದಿನೈದು ವರ್ಷ, ಒಂಬತ್ತು ತಿಂಗಳು.

ಈ ಇಪ್ಪತ್ತಕ್ಕೂ ಹದಿನೈದಕ್ಕೂ ಇರುವ ಅಂತರ ಸಣ್ಣದಲ್ಲ. ಇಪ್ಪತ್ತಾದರೆ ಎಫ್‌ಐಆರ್, ಕೋರ್ಟು, ಜೈಲು. ಹದಿನೆಂಟರ ಒಳಗಾದರೆ ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಹಿಡಿದರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರು ಹೆಂಗಸೇ ಆಗಿರಬೇಕು. ಮೊಬೈಲ್ ಕಳವಿನಂಥ ಸಣ್ಣ ಆರೋಪಕ್ಕೆ, ದೊಡ್ಡವರು ಜೊತೆಗಿಲ್ಲದಿದ್ದರೆ, ಎಫ್‌ಐಆರ್ ಹಾಕಬಾರದು ಅಂತ ಕೇಂದ್ರದ 2016ರ ಮಾದರಿ ನಿಯಮದಲ್ಲಿದೆ. ಇದನ್ನೆಲ್ಲ ಆ ರಾತ್ರಿಯೇ ಫೋನಿನಲ್ಲಿ ಹೇಳಿಕೊಟ್ಟವಳು ಹುಬ್ಬಳ್ಳಿಯಲ್ಲಿ ವಕೀಲಿ ಮಾಡುವ ನನ್ನ ಮಗಳು. ವಯಸ್ಸಿನ ಬಗ್ಗೆ 94ನೇ ಕಲಂ ಇದೆಯಂತೆ. ನೋಡಿದ ಕೂಡಲೇ ಮಗು ಅಂತ ಗೊತ್ತಾದರೆ ಮಂಡಳಿ ಹಾಗೇ ಬರೆದುಕೊಂಡು ಮುಂದುವರಿಯಬಹುದು. ಅನುಮಾನ ಬಂದರೆ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯ್ತಿ, ಪುರಸಭೆಯ ಜನನ ಪತ್ರ, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ.

"ನೋಡಿದ ಕೂಡಲೇ" ಅನ್ನುವ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ನೋಡುವವರು ಯಾರು, ಅಲ್ವಾ?

ನಮ್ಮ ಕಡೆ ಮಾಣಿ ಇಪ್ಪತ್ತೈದಾದರೂ ಮಾಣಿಯೇ. ಮದುವೆಯಾಗಿ ಮಗುವಾದರೂ ಅಜ್ಜಿಯರು ಮಾಣಿ ಅಂತಲೇ ಕರೆಯುತ್ತಾರೆ. ಸಿದ್ದಿ ಹುಡುಗನಿಗೆ ಹದಿಮೂರು ತುಂಬುವುದರೊಳಗೆ "ಆ ಆಳಿಗೆ ಹೇಳು, ಗೊನೆ ಹೊರ್ತಾನೆ" ಅನ್ನುತ್ತೇವೆ. ನಾನೂ ಅಂದಿದ್ದೇನೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರ ಪೀಳಿಗೆ ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಿನಲ್ಲಿ ನೂರಾರು ವರ್ಷದಿಂದ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೂ ಸೇರಿದರು. ಈಗಲೂ ಬಸ್ಸಿನಲ್ಲಿ ಇವರಿಗೆ "ನಿಮ್ದು ಯಾವ ದೇಶ?" ಅಂತ ಕೇಳುವವರಿದ್ದಾರೆ. ಕೇಳಿದವರಿಗೆ ಅಚ್ಚ ಕನ್ನಡದಲ್ಲಿ ಬೈಗುಳ ಸಿಕ್ಕಿದ್ದನ್ನು ಒಮ್ಮೆ ಕಣ್ಣಾರೆ ನೋಡಿ ಖುಷಿಪಟ್ಟಿದ್ದೇನೆ.

ಮಗಳು ಆಮೇಲೆ ಅಮೆರಿಕದ ಒಂದು ಅಧ್ಯಯನದ ಬಗ್ಗೆ ಹೇಳಿದಳು. ಫಿಲಿಪ್ ಗಾಫ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಹುಡುಗರ ಚಿತ್ರ ತೋರಿಸಿ, ಅಪರಾಧದ ಆರೋಪವನ್ನೂ ಹೇಳಿ, ವಯಸ್ಸು ಕೇಳಿದ್ದಾರೆ. ಕಪ್ಪು ಹುಡುಗರಿಗೆ ಸರಾಸರಿ ನಾಲ್ಕೂವರೆ ವರ್ಷ ಜಾಸ್ತಿ ಹೇಳಿದರಂತೆ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಹದಿನೈದೂ ಮುಕ್ಕಾಲಿಗೆ ನಾಲ್ಕೂವರೆ ಕೂಡಿಸಿದರೆ ಇಪ್ಪತ್ತು ಚಿಲ್ಲರೆ.

"ಇವ ಎತ್ತರ ಇದ್ದಾನಲ್ಲ, ಅದಕ್ಕೆ ಹಾಗನ್ನಿಸ್ತೇನೋ" ಅಂದೆ. ಅವಳು ಜಾರ್ಜ್ ಸ್ಟಿನ್ನಿ ಎಂಬ ಕಪ್ಪು ಹುಡುಗನ ಕತೆ ಹೇಳಿದಳು. 1944ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ವಯಸ್ಸು 14. ಸಣ್ಣ ಮೈಯ ಹುಡುಗ. 2014ರಲ್ಲಿ ಕೋರ್ಟು ಅವನನ್ನು ಅಪರಾಧಿ ಅಂದಿದ್ದ ಆ ತೀರ್ಪನ್ನು ರದ್ದು ಮಾಡಿತು. ಎತ್ತರದ ಮಾತು ನಾನು ಮತ್ತೆ ಎತ್ತಲಿಲ್ಲ.

2014 ಅಂದಾಗ ನನಗೆ ಬೇರೆಯೇ ನೆನಪಾಯಿತು. ಆ ಜೂನ್‌ನಲ್ಲಿ ಈ ಹುಡುಗ ಒಂದನೇ ತರಗತಿಗೆ ಬಂದಿದ್ದ. ಮನೆಯಲ್ಲೇ ಹೆರಿಗೆ ಆಗಿತ್ತು, ಜನನ ಪತ್ರ ಇರಲಿಲ್ಲ. ಪತ್ರ ಇಲ್ಲ ಅಂತ ಮಕ್ಕಳನ್ನು ವಾಪಸ್ ಕಳಿಸುವಂತೆಯೂ ಇಲ್ಲ. ನಾನು ಹಳೇ ಕಾಲದವಳು. "ತಲೆ ಮೇಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟು ನೋಡೋಣ" ಅಂದೆ. ಉದ್ದ ಕೈ. ಸುಲಭವಾಗಿ ಮುಟ್ಟಿದ, ನಕ್ಕ. ಆರು ತುಂಬಿದೆ ಅಂತ ತೀರ್ಮಾನಿಸಿ 1-6-2008 ಬರೆದೆ. ಜೂನ್ ಒಂದು ನಮ್ಮ ಮೇಷ್ಟ್ರುಗಳ ಹಬ್ಬ. ಅರ್ಧ ರಾಜ್ಯ ಅವತ್ತೇ ಹುಟ್ಟಿದೆ.

ಹುಡುಗನನ್ನು ಹನ್ನೊಂದು ಗಂಟೆಗೆ ಬಿಟ್ಟರು. ಇಪ್ಪತ್ತರ ಮೇಲೆ ಗೀಟು ಎಳೆದು ಹದಿನೈದು ಮಾಡಿದರು. ಮೊಬೈಲ್ ಕೊನೆಗೂ ಸಿಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವನು ಎರಡು ಪ್ಲೇಟು ಬನ್ಸ್ ತಿಂದ, ಒಂದು ಮಾತೂ ಆಡದೆ.

ಬಸ್ಸಿನಲ್ಲಿ ಅವನ ಅವ್ವ ನನ್ನ ಪಕ್ಕ ಕೂತಳು. ಸುಮಾರು ಹೊತ್ತು ಸುಮ್ನಿದ್ದು ಹೇಳಿದಳು: "ಅಕ್ಕೋರೇ, ಇವ ಹುಟ್ಟಿದ್ದು ಆ ವರ್ಷದ ದೊಡ್ಡಹಬ್ಬದ ಮರುದಿನ. ಶಾಲೆಗೆ ಸೇರಿಸುವಾಗ್ಲೇ ಹೇಳಿದ್ದೆ ನಿಮಗೆ."

ದೀಪಾವಳಿಯ ಮರುದಿನ. ಅಂದರೆ ಆಗ ಐದೂವರೆ ಚಿಲ್ಲರೆ. ಅವಳು ಹೇಳಿದ್ದು ನನಗೆ ನೆನಪೇ ಇಲ್ಲ. ಕಿವಿ ಮುಟ್ಟಿದ್ದು ಮಾತ್ರ ನೆನಪಿದೆ.