ಪ್ರಸಾದ ನಮಗ್ಯಾಕೆ ಕೊಡಲ್ಲ?

ಕ್ರಿಸ್ಮಸ್ ಕಳೆದು ಎರಡು ದಿನ ಆಗುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಆಫೀಸಿನಲ್ಲಿ, ಮಗಳ ಸ್ಕೂಲಿನ ಗೇಟಿನ ಹತ್ತಿರ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗಲೂ. "ಅಲ್ಲಾ ಮೇಡಂ, ದೇವಸ್ಥಾನಕ್ಕೆ ಯಾರೇ ಬಂದರೂ ಪ್ರಸಾದ ಕೊಡ್ತೀವಿ. ನಿಮ್ಮ ಚರ್ಚಲ್ಲಿ ಮಾತ್ರ ನಮಗ್ಯಾಕೆ ಕೊಡಲ್ಲ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಒಳಗೆ ಬರಬಹುದಾ ಅಂತ ಮಾತ್ರ ದಯವಿಟ್ಟು ಕೇಳಬೇಡಿ. ನಮ್ಮ ಮೈಸೂರಿನ ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದವರೇ ನಾಲ್ವಡಿಯವರು. ಮಂಗಳವಾರ ಕೆ.ಆರ್. ನಗರದ ಹತ್ತಿರದ ಡೋರನಹಳ್ಳಿಗೆ ಹೋಗಿ ನೋಡಿ, ಸಂತ ಅಂತೋಣಿಯವರ ಮುಂದೆ ಮೊಂಬತ್ತಿ ಹಚ್ಚುವವರಲ್ಲಿ ಯಾರು ನಮ್ಮವರು ಯಾರು ನಿಮ್ಮವರು ಅಂತ ನನಗೇ ಗೊತ್ತಾಗುವುದಿಲ್ಲ. ತಕರಾರು ಇರುವುದು ಪೂಜೆಯ ನಡುವೆ ಪ್ರಸಾದಕ್ಕೆ ಎದ್ದು ನಿಲ್ಲುವ ಆ ಒಂದು ಸಾಲಿನಲ್ಲಿ.

ಅರ್ಧ ತಪ್ಪು ನಮ್ಮದೇ. ಆ ಸಾಲಿನಲ್ಲಿ ಕೊಡುವುದಕ್ಕೆ ಪರಮಪ್ರಸಾದ ಅಂತ ಹೆಸರಿಟ್ಟವರು ನಾವು, ಕಥೋಲಿಕರು. ಪ್ರಸಾದ ಅಂದ ಮೇಲೆ ಕೈ ಚಾಚದವರು ಯಾರಿದ್ದಾರೆ? ಪುಳಿಯೋಗರೆ ದೊನ್ನೆ ಕಂಡರೆ ನಾನೂ ಚಾಚುತ್ತೇನೆ. ಆದರೆ ಇದು ಪೂಜೆ ಮುಗಿದ ಮೇಲೆ ಹಂಚುವುದಲ್ಲ, ಪೂಜೆಯ ಒಳಗಿನದು. ನೋಡಲಿಕ್ಕೆ ಗೋಧಿ ಹಿಟ್ಟು, ನೀರು ಎರಡೇ ಹಾಕಿ ಮಾಡಿದ, ನಾಣ್ಯದಷ್ಟಗಲದ ಸಪ್ಪೆ ರೊಟ್ಟಿ. ಫಾದರ್ ಎತ್ತಿ ತೋರಿಸಿ "ಕ್ರಿಸ್ತರ ಶರೀರ" ಅನ್ನುತ್ತಾರೆ, ನಾವು "ಆಮೆನ್" ಅನ್ನುತ್ತೇವೆ. ಹೌದು, ನಂಬಿದ್ದೇನೆ ಅಂತ ಅರ್ಥ, ಥ್ಯಾಂಕ್ಸ್ ಅಂತಲ್ಲ. ಅದಕ್ಕೆ ದೀಕ್ಷಾಸ್ನಾನ, ಅಂದರೆ ತಲೆಗೆ ನೀರು ಹಾಕಿ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ, ಆಗಿರಬೇಕು. ಒಂದು ಗಂಟೆ ಮುಂಚಿನಿಂದ ಏನೂ ತಿಂದಿರಬಾರದು. ದೊಡ್ಡ ಪಾಪ ಮಾಡಿದ್ದರೆ ಮೊದಲು ಪಾಪನಿವೇದನೆ, ಅಂದರೆ ಫಾದರ್ ಹತ್ತಿರ ಅದನ್ನು ಹೇಳಿಕೊಳ್ಳಬೇಕು. ನಮ್ಮಜ್ಜಿ ಕಾಲದಲ್ಲಿ ನಡುರಾತ್ರಿಯಿಂದ ತೊಟ್ಟು ನೀರೂ ಕುಡಿಯುವ ಹಾಗಿರಲಿಲ್ಲ. ನನ್ನ ಆರು ವರ್ಷದ ಮಗಳಿಗೂ ಇನ್ನೂ ಕೊಡುವುದಿಲ್ಲ, ಅವಳೂ ನಿಮ್ಮ ಹಾಗೇ ಸಿಟ್ಟಾಗುತ್ತಾಳೆ.

ಇಷ್ಟೇ ಆಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ಅಜ್ಜಿ, ಮಂಡ್ಯ ಕಡೆಯವರು, ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ (ಚರ್ಚಿನ ಪೂಜೆಗೆ ನಾವು ಹೇಳುವ ಹೆಸರು) ನನ್ನ ಜೊತೆ ಬಂದಿದ್ದರು. "ನೀವು ಕೂತಿರಿ ಅಜ್ಜಿ, ಬಂದೆ" ಅಂತ ಹೇಳಿ ಸಾಲಿಗೆ ಹೋದೆ. ತಿರುಗಿ ನೋಡಿದರೆ ಪಕ್ಕದ ಸಾಲಿನಲ್ಲಿ ಅಜ್ಜಿ! ಸೆರಗು ಹೊದ್ದು, ಎಡಗೈ ಮೇಲೆ ಬಲಗೈ ಇಟ್ಟು, ತೀರ್ಥಕ್ಕೆ ಹಿಡಿಯುವ ಹಾಗೆ ಬೊಗಸೆ ಮಾಡಿ. (ನಾವು ಬಲಗೈ ಮೇಲೆ ಎಡಗೈ ಇಡುತ್ತೇವೆ.) ಅಷ್ಟು ಜನರ ನಡುವೆ ಯಾರು ಗಮನಿಸುತ್ತಾರೆ, ಕೊಟ್ಟುಬಿಟ್ಟರು. ಅಜ್ಜಿ ಕಣ್ಣಿಗೊತ್ತಿಕೊಂಡು, ಕರ್ಚೀಫಿನಲ್ಲಿ ಸುತ್ತಿ, ಪರ್ಸಿನೊಳಗೆ ಇಟ್ಟುಕೊಂಡರು. ನಾನು ಓಡಿಹೋಗಿ ವಾಪಸ್ ಕೊಡಿ ಅಂದೆ. "ಮೊಮ್ಮಗುಂಗೆ ಪರೀಕ್ಷೆ ಅದೆ ಕಣವ್ವ, ನಾನೊಬ್ಬಳೇ ತಿಂದ್ರೆ ಸರಿಯಾ?" ಅಂದರು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರು. ಕೊನೆಗೆ ಕರ್ಚೀಫ್ ಬಿಚ್ಚಿ ಕೊಟ್ಟರು. ಫಾದರ್ ಹತ್ತಿರ ತಗೊಂಡು ಹೋದೆ. ಅವರು ಏನೂ ಅನ್ನದೆ ತಾವೇ ಸೇವಿಸಿದರು. ಅಂಚಿನಲ್ಲಿ ಸ್ವಲ್ಪ ಕುಂಕುಮ ಅಂಟಿತ್ತು.

ಆಟೋದಲ್ಲಿ ಮನೆ ಬರುವ ತನಕ ಅಜ್ಜಿ ಮಾತಾಡಲಿಲ್ಲ. ಇಳಿಯುವಾಗ ಒಂದೇ ಮಾತು: "ತಲೆಗೆ ಸ್ನಾನ ಮಾಡ್ಕಂಡೇ ಬಂದಿದ್ದೆ ಕಣವ್ವ."

ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ "ನಿಮ್ಮ ಚರ್ಚಲ್ಲಿ ಮಾತ್ರ" ಅಂತ ಶುರು ಮಾಡುವವರಿಗೆ ಇದೆ. ಗರ್ಭಗುಡಿ ಒಳಗೆ ನಾನೂ ಬರ್ತೀನಿ, ಬಿಡ್ತೀರಾ? ಆಫೀಸಿನಲ್ಲಿ ಒಬ್ಬರನ್ನು ಹೀಗೆ ಕೇಳಿಯೂಬಿಟ್ಟೆ. ಆ ವಾರ ಪೂರ್ತಿ ನನ್ನನ್ನು ಟೀಗೆ ಕರೆಯಲಿಲ್ಲ.

ಅದೆಲ್ಲ ಬಿಡಿ. ನಿಮಗೆ ಕೊಡಲ್ಲ ಅನ್ನುವುದೇ ನಿಮಗೆ ಕಾಣುತ್ತದೆ. ಎಲ್ಲರೂ ಎದ್ದು ಹೋದಾಗ ನಮ್ಮವರಲ್ಲೇ ಯಾರು ಕೂತಿರುತ್ತಾರೆ ಅಂತ ಒಬ್ಬರಾದರೂ ಕೇಳಿದ್ದೀರಾ?

ನಮ್ಮಕ್ಕ ಕೂತಿರುತ್ತಾಳೆ. 2003ರಲ್ಲಿ ಅವಳದು ರಿಜಿಸ್ಟರ್ ಮದುವೆ. ಭಾವ ಕ್ರೈಸ್ತರಲ್ಲ. ದೀಕ್ಷಾಸ್ನಾನ ಆಗದವರನ್ನು ಮದುವೆಯಾಗಬೇಕಾದರೆ ಧರ್ಮಾಧ್ಯಕ್ಷರ (ಬಿಷಪ್ಪರ) ಕಡೆಯಿಂದ ವಿನಾಯಿತಿ ತಗೊಳ್ಳಬೇಕು, ಇವರು ತಗೊಂಡಿರಲಿಲ್ಲ. ಹಾಗಾಗಿ ಚರ್ಚಿನ ಲೆಕ್ಕದಲ್ಲಿ ಮದುವೆಯೇ ಆಗಿಲ್ಲ. ಸಾಲಿಗೆ ಬರಬೇಡ ಅಂದರು. ಸರಿ ಮಾಡಿಕೊಳ್ಳುವ ದಾರಿ ಇದೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಶನಿವಾರ ಚರ್ಚಿನ ಕಸ ಗುಡಿಸಲಿಕ್ಕೆ, ಪೀಠಕ್ಕೆ ಹೂ ಕಟ್ಟಲಿಕ್ಕೆ ಅವಳೇ ಬೇಕು. ಭಾನುವಾರ ಭಾವ ಸ್ಕೂಟರಿನಲ್ಲಿ ಕರೆತಂದು ಬಿಟ್ಟು, ಹೊರಗೆ ಪೇಪರ್ ಓದುತ್ತಾ ಕಾಯುತ್ತಾರೆ. ಸಾಲಿಗೆ ಹೋಗುವ ಮೊದಲು ಎಲ್ಲರೂ ಸೇರಿ ನಾನು ಯೋಗ್ಯನಲ್ಲ ಅಂತ ಪ್ರಾರ್ಥನೆ ಹೇಳುತ್ತೇವೆ. ಹೇಳಿ, ಎದ್ದು ಹೋಗುತ್ತೇವೆ. ಅಕ್ಕನೂ ಹೇಳುತ್ತಾಳೆ, ಹೇಳಿ, ಮೊಣಕಾಲು ಪಕ್ಕಕ್ಕೆ ಸರಿಸಿ ನಮಗೆ ದಾರಿ ಬಿಡುತ್ತಾಳೆ. ಇಪ್ಪತ್ತು ವರ್ಷ ನಾನೂ ಆ ಮೊಣಕಾಲು ದಾಟಿಕೊಂಡೇ ಹೋಗಿದ್ದೇನೆ.

ಹೋದ ವರ್ಷ ಹೊಸದಾಗಿ ಬಂದ ಫಾದರ್ ವಿಷಯ ಬಿಡಿಸಿ ಹೇಳಿದರು. ಭಾವ ಮತ ಬದಲಿಸಬೇಕಾಗಿಲ್ಲ, ಅರ್ಜಿ ಕೊಟ್ಟರೆ ಆಗುತ್ತದೆ. ಮಕ್ಕಳನ್ನು ನಮ್ಮ ವಿಶ್ವಾಸದಲ್ಲಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಅಂತ ಅಕ್ಕ ಮಾತು ಕೊಡಬೇಕು, ಅದು ಭಾವನಿಗೂ ಗೊತ್ತಿರಬೇಕು. ಅವಳ ಮಗನಿಗೆ ಈಗ ಮೀಸೆ ಬಂದಿದೆ. ನಾನು ಕುಣಿದಾಡಿಕೊಂಡು ಹೋಗಿ ಹೇಳಿದೆ. ಅಕ್ಕ ಸೇವಂತಿಗೆ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ.

"ಕೊಡೋಣ ಬಿಡೇ. ಆದ್ರೆ ಮದುವೆ ಆದ ದಿನ ಯಾವುದು ಅಂತ ಬರೆಯೋದು? ನಿಮ್ಮ ಭಾವ 2003ದ್ದೇ ಬರೀಬೇಕು ಅಂತ ಕೂತವ್ರೆ."

ಅರ್ಜಿ ಇನ್ನೂ ಅವರ ಫ್ರಿಜ್ ಮೇಲಿದೆ.